ಯಶ್ಮಿತಕ್ಕನ ಮದುವೆಯ ಸೆಂಟು

ಕುಕ್ಕುಂದೂರು
೧೦ ಆಗಸ್ಟ್ ೨೦೨೫

ಪ್ರೀತಿಯ ಎಡ್ವಿನ್ ಭಾವ,

ಯಾರು ಒಪ್ಪಲಿ ಬಿಡಲಿ, ನಾನು ನಿಮ್ಮನ್ನು ಕರೆಯುವುದು ಹೀಗೆಯೇ. ಕಾಪುವಿನಲ್ಲಿ ನಿಮ್ಮ ಅಮ್ಮ ಹುಷಾರಾಗಿದ್ದಾರಾ? ಉತ್ತರ ತಡವಾಯಿತು, ಬೈಯಬೇಡಿ. ಹೇಗೆ ಹೇಳುವುದೆಂದು ತೋಚಲಿಲ್ಲ. ನಿನ್ನೆ ಅಕ್ಕನ ಮದುವೆಯಾಯಿತು.

ಮದುವೆಯಾಗದೆ ಸತ್ತವರಿಗೆ ಸತ್ತವರನ್ನೇ ಹುಡುಕಿ ಆಟಿ ತಿಂಗಳಲ್ಲಿ ಮದುವೆ ಮಾಡಿಸುವ ನಮ್ಮವರ ಕ್ರಮ ನಿಮಗೆ ಗೊತ್ತುಂಟು. ನಮ್ಮ ಜಿತೇಶಣ್ಣನಿಗೆ ಬಂದ ಸಂಬಂಧಗಳೆಲ್ಲ ಮುರಿದವು. ಇಲಿಜ್ವರದಲ್ಲಿ ಹೋದ ಯಶ್ಮಿತಾ ಅಡ್ಡ ನಿಂತಿದ್ದಾಳೆ ಎಂದರು ಜೋಯಿಸರು. ಬೈಕಿನಿಂದ ಬಿದ್ದು ತೀರಿಕೊಂಡ ಹೆಬ್ರಿಯ ಹುಡುಗನೊಬ್ಬ ಸಿಕ್ಕಿದ. ಜಾತಿ ನೋಡಿದರು, ಗೋತ್ರದಂಥ ನಮ್ಮ ಬಳಿ ನೋಡಿದರು. ನಾನು ಕೂಗಾಡಿದೆ. ಮೂಢನಂಬಿಕೆಯ ವಿರುದ್ಧದ ನನ್ನ ಕಿರುಹೊತ್ತಗೆಯನ್ನು ತಾರಾನಾಥ ಮಾವನ ಮುಂದೆ ಹಿಡಿದೆ. "ಒಳ್ಳೆದಾಯ್ತು ಮಗಾ, ಎಲೆಯಡಿಕೆ ಇಡ್ಲಿಕ್ಕೆ ಎಂತಾದರೂ ಬೇಕಿತ್ತು" ಎಂದು ಅದರ ಮೇಲೆಯೇ ವೀಳ್ಯ ಇಟ್ಟರು.

ಅಮ್ಮ ಮಾತ್ರ ಮೆಲ್ಲನೆ ಹೇಳಿದರು: "ಸೀರೆ, ಬಳೆ ತಂದಾಯ್ತು. ಸೆಂಟು ನೀನು ತಾ. ಅವಳಿಗೆ ಯಾವುದು ಆಗ್ತದೆಂದು ನಿನಗೇ ಗೊತ್ತಲ್ವಾ?"

ಮಣಿಪಾಲದ ಅಂಗಡಿಯಲ್ಲಿ ಎರಡರ ಮುಂದೆ ನಿಂತುಬಿಟ್ಟೆ. ಒಂದು ಕೇದಗೆ. ಇನ್ನೊಂದು ಸುಗಂಧರಾಜ, ನೀವು ಅಕ್ಕನಿಗೆ ಮಸ್ಕತ್ತಿನಿಂದ ತಂದುಕೊಟ್ಟದ್ದೇ. ಅಂಗಡಿಯ ಫಸೀಲಾ ನಕ್ಕಳು. "ಎರಡೂ ಭಾರೀ ಜೋರು ಮಾರಾಯ್ತಿ. ಇಷ್ಟವಾದವರು ಬಿಡುವುದಿಲ್ಲ, ಆಗದವರು ಹತ್ತಿರ ಕೂರುವುದಿಲ್ಲ. ಯಾರಿಗೆ?"

"ಮದುಮಗಳಿಗೆ."

"ಹಾಗಾದರೆ ಅವಳನ್ನೇ ಕರ್ಕೊಂಡು ಬಾ. ಮೈಮೇಲೆ ಹಾಕಿ ನೋಡದೆ ಗೊತ್ತಾಗುವುದಿಲ್ಲ."

ನನ್ನ ಎರಡು ಕೈಗಳನ್ನೂ ಚಾಚಿದೆ.

ನಿಮ್ಮ ಪರಿಮಳವನ್ನು ಹೆಬ್ರಿಯ ಅಪರಿಚಿತನಿಗೆ ಹೇಗೆ ಕೊಡಲಿ? ಕೇದಗೆ ಪೂಸಿಕೊಂಡು ಹೋದರೆ ಅದು ಅಕ್ಕ ಹೌದಾ? ಆತ್ಮವೇ ಇಲ್ಲ ಎಂದು ವಾದಿಸುವ ನಾನು ಕಾರ್ಕಳದವರೆಗೂ ಬಸ್ಸಿನಲ್ಲಿ ಇದನ್ನೇ ಯೋಚಿಸಿದೆ. ಎರಡನ್ನೂ ತಂದಿದ್ದೆ.

ಅಕ್ಕ ಸುಗಂಧರಾಜ ಹಾಕಿದ ದಿನ "ತಲೆ ಸಿಡಿಯುತ್ತದೆ, ಜಗಲಿಗೆ ಹೋಗು" ಎಂದು ಅಮ್ಮ ಓಡಿಸುತ್ತಿದ್ದರಲ್ಲ? ಅದಕ್ಕೇ ನಿನ್ನೆ ಅವರ ಮುಂದೆ ಕೇದಗೆಯನ್ನು ಹಿಡಿದೆ. ಅವರು ಅದನ್ನು ಸರಿಸಿದರು. ಸುಗಂಧರಾಜದ ಮುಚ್ಚಳ ತೆಗೆದು, ಅಕ್ಕನ ಬದಲಿಗೆ ಇಟ್ಟ ಕುರ್ಚಿಗೆ ಉಡಿಸಿದ್ದ ಸೀರೆಯ ಹೆಗಲಿಗೆ ಹಚ್ಚಿದರು.

"ಇದಿಲ್ಲದೆ ಅವಳು ಬರುವುದಿಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದರು: "ಆ ಹುಡುಗ ತಂದದ್ದು ಇದೇ ಅಲ್ವಾ?"

ಭಾವ, ಸೀರೆ ಹೆಬ್ರಿಗೆ ಹೋಯಿತು. ಜಗಲಿಯಲ್ಲಿ ಪರಿಮಳ ಇನ್ನೂ ಉಂಟು. ಬಾಗಿಲು ತೆರೆದಿಟ್ಟೆ, ನೆಲ ಒರೆಸಿದೆ, ಕೈ ತಿಕ್ಕಿ ತೊಳೆದೆ. ಇದಕ್ಕೆ ಕಾರಣ ಉಂಟು, ಇರಲೇಬೇಕು. ಬೆಳಿಗ್ಗೆ ಅಮ್ಮ ಜಗಲಿಯಲ್ಲಿ ಎರಡು ಲೋಟ ಚಾ ಇಟ್ಟರು. ನಾನು ಒಳಗಿದ್ದೆ.

ನಿಮ್ಮ ದೇವರೂ ನನ್ನ ದೇವರಿಲ್ಲದಿರುವಿಕೆಯೂ ಸೇರಿ ನಿಮ್ಮನ್ನು ಕಾಯಲಿ.

ನಿಮ್ಮ ನಾದಿನಿ,
ಚೈತಾಲಿ

ತಾ.ಕ.: ಧಾರೆಗೆ ಮೊದಲು ಮಾವ ಆ ಕುರ್ಚಿಗೆ ಕೈಮುಗಿದು, "ಮಗಾ ಯಶ್ಮಿತಾ, ಈ ಸಂಬಂಧ ನಿನಗೆ ಒಪ್ಪಿಗೆ ಉಂಟಾ?" ಎಂದು ಕೇಳಿದರು. ಎಲ್ಲರೂ ಕಾದರು. ನಾನೂ ಕಾದೆ. ನಿಮ್ಮ ವಿಷಯ ಹೇಳಲು ಅವಳು ಇದೇ ಮಾವನ ಎದುರು ನಿಂತಿದ್ದ ದಿನ, ಅವಳ ಮಾತು ಮುಗಿಯುವ ಮೊದಲೇ ಅವರು ಟಿವಿಯ ಸದ್ದು ಜೋರು ಮಾಡಿದ್ದರು.