ನನ್ನ ಎಡಿಟರ್, ಎಲ್ಲರ ತಲೆಗೆ

ಮಾರ್ಚ್ 3, ಸೋಮವಾರ
ಆಫೀಸಿಗೆ ಬಂದವನೇ ಕೋಡ್ ಬರೆಯುವ ಎಡಿಟರಿನ ಬಣ್ಣದ ಥೀಮ್ ಬದಲಿಸಿದೆ. ಹತ್ತು ದಿನದಲ್ಲಿ ಮೂರನೇ ಸಲ. ಕಡುನೀಲಿ ಪರದೆಯ ಮೇಲೆ ಕೋಡ್ ಎಷ್ಟು ಚಂದ! ಎಡಿಟರ್ ಅಂದರೆ ಇದು. ಮೀಟಿಂಗಿನಲ್ಲಿ ಅರ್ಧ ಗಂಟೆ ಇದನ್ನೇ ಹೊಗಳಿದೆ.
“ಹೆಂಡತೀನ ಯಾವತ್ತಾದ್ರೂ ಇಷ್ಟು ಹೊಗಳಿದೀಯೇನಯ್ಯಾ?” ಅಂದರು ಮ್ಯಾನೇಜರ್. ಎಲ್ಲರೂ ನಕ್ಕರು. ಸಂಜೆಗೆ ಆರ್ಡರ್ ಬಂದೇಬಿಟ್ಟಿತು — ಹದಿನೇಳನೇ ತಾರೀಖಿನಿಂದ ಇಡೀ ಆಫೀಸಿಗೆ ಇದೊಂದೇ ಎಡಿಟರ್. ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಮಾರ್ಚ್ 5
ಎರಡು ದಿನದಿಂದ ತಲೆ ತಿನ್ನುತ್ತಿದ್ದ ನನ್ನ ಕೋಡಿನ ತಪ್ಪನ್ನು ಪಕ್ಕದ ಸೀಟಿನ ಮೇಡಂ ಒಂದೇ ಸಲಕ್ಕೆ ಹಿಡಿದುಕೊಟ್ಟರು. ಅವರಿಗೆ ಕಣ್ಣು ಕಾಣದು. ಕಂಪ್ಯೂಟರ್ ಓದಿ ಹೇಳುತ್ತದೆ, ಹೆಡ್‌ಫೋನಿನಲ್ಲಿ ಕೇಳುತ್ತಾ ಕೋಡ್ ಬರೆಯುತ್ತಾರೆ. ಹನ್ನೊಂದು ವರ್ಷದಿಂದ. ಬಣ್ಣವಿಲ್ಲದ, ಓಬೀರಾಯನ ಕಾಲದ ಎಡಿಟರ್. ನಾನು ಕೋಡ್ ಬರೆಯುವ ಪೈಥಾನ್ ಭಾಷೆಯೂ ಅವರಿಗೆ ಆಗಿಬರದು.
“ಬೇರೆ ಭಾಷೇಲಿ ಬ್ರಾಕೆಟ್ ಇರುತ್ತೆ, ಕಿವಿಗೆ ಬೀಳುತ್ತೆ. ನಿಮ್ಮದ್ರಲ್ಲಿ ಸಾಲಿನ ಶುರುವಲ್ಲಿರೋ ಖಾಲಿ ಜಾಗ ಎಣಿಸ್ಕೊಂಡು ಕೂರ್ಬೇಕು.”
ಪೈಥಾನ್ ಅಂದರೆ ನನಗೆ ಪ್ರಾಣ. ಮೈ ಉರಿಯಿತು. ಆದರೂ… ಅಬ್ಬಾ, ಎಂಥ ತಲೆ!

ಮಾರ್ಚ್ 10
ಮೇಡಂ ಕಂಪ್ಯೂಟರಿಗೆ ಕೈಯಾರೆ ನಾನೇ ನನ್ನ ಎಡಿಟರ್ ಹಾಕಿಕೊಟ್ಟೆ. ಹೆಡ್‌ಫೋನಿನಲ್ಲಿ ‘ಬಟನ್, ಬಟನ್, ಬಟನ್’ ಅಷ್ಟೇ. ಕೋಡಿನ ಒಂದು ಸಾಲೂ ಓದಲಿಲ್ಲ. ಮಧ್ಯಾಹ್ನದವರೆಗೂ ಒದ್ದಾಡಿದೆ.
“ನಿಮ್ಮ ಕಣ್ಣಿಗೆ ಚೆನ್ನಾಗಿರುತ್ತೆ ಬಿಡಿ. ನನ್ನ ಹತ್ರ ಬಾಯೇ ಬಿಡಲ್ಲ ಇದು,” ಅಂದರು.
ಮ್ಯಾನೇಜರ್‌ಗೆ ಅದೊಂದು ವಿಷಯವೇ ಅಲ್ಲ. “ಅವ್ರನ್ನ ಫೋನ್ ಎತ್ತೋ ಕೆಲಸಕ್ಕೆ ಹಾಕಿದ್ರಾಯ್ತು.” ಹನ್ನೊಂದು ವರ್ಷ ಪಳಗಿದ ಕೈ! ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಮಾರ್ಚ್ 14, ಸಂಜೆ
ಮೂರು ದಿನ ಬರೆಯಲಿಲ್ಲ. ಮುಖವಿರಲಿಲ್ಲ. ಇವತ್ತು ಮ್ಯಾನೇಜರ್‌ಗೆ ಮೇಲ್ ಹಾಕಿದೆ. ಕರೆಸಿದರು.
“ಕುಣಿದೋನೂ ನೀನೇ, ಬೇಡ ಅನ್ನೋನೂ ನೀನೇನಾ?”
“ಹೌದು ಸಾರ್. ನಂಗಿಷ್ಟ ಅಂತ ಎಲ್ಲರ ತಲೆಗೆ ಕಟ್ಟಿದ್ದು ತಪ್ಪು.”
“ಸೋಮವಾರ ಹೇಳ್ತೀನಿ, ಹೋಗು.”

ಮಾರ್ಚ್ 17, ಬೆಳಗ್ಗೆ 9.40
ಆರ್ಡರ್ ರದ್ದು! ಅವರವರ ಎಡಿಟರ್ ಅವರವರಿಗೆ. ಮೇಡಂ ಕೆಲಸ ಮೇಡಂಗೇ. ಮೇಡಂ ಕಡೆ ತಿರುಗಿ ಹೇಳಿದೆ.
“ಕೇಳಿದೆ. ಸಾರ್ ಆರ್ಡರ್ ಜೊತೆ ನೀವು ಬರೆದ ಮೇಲನ್ನೂ ಎಲ್ಲರಿಗೂ ಕಳಿಸಿದಾರೆ.”
ಸತ್ತೆ! ಈ ಆಫೀಸಿನಲ್ಲಿ ಅವರಷ್ಟು ಅಚ್ಚುಕಟ್ಟಾಗಿ ಕೋಡ್ ಬರೆಯುವವರು ಇನ್ನೊಬ್ಬರಿಲ್ಲ, ನನ್ನನ್ನೂ ಸೇರಿಸಿ — ಹಾಗಂತ ಬರೆದಿದ್ದೆ. ಮೇಡಂ ಹೆಡ್‌ಫೋನಿನಲ್ಲಿ ಮೇಲ್ ಕೇಳುವ ವೇಗ ನೋಡಬೇಕು. ನನ್ನ ಕಿವಿಗೆ ಅದು ಬರೀ ಗಿಜಿಗಿಜಿ.
“ಮೂರು ಸಲ ಕೇಳಿದೆ,” ಅಂದರು. “ನಿಧಾನಕ್ಕಿಟ್ಟು.”
ಕಣ್ಣು ತುಂಬಿತು. ಅವರಿಗೆ ಕಾಣುವುದಿಲ್ಲವಲ್ಲ ಅಂತ ಒರೆಸಿಕೊಳ್ಳಲಿಲ್ಲ, ಮೂಗು ಮಾತ್ರ ಸೊರ್ ಅಂದಿತು.
“ನೆಗಡಿನಾ?”
“ಹೌದು ಮೇಡಂ,” ಅಂದೆ. “ಸ್ವಲ್ಪ.”