ಜಂಭಕ್ಕೆ ಪರವಾನಗಿ

ಅಪ್ಪನಿಗೆ,

ನಿರುದ್ಯೋಗ ಭತ್ಯೆಗೆ ನಾನು ಹಾಕಿದ್ದ ಅರ್ಜಿ ಇವತ್ತು ಮಂಜೂರಾಯಿತು. ಉದ್ಯೋಗ ಕಚೇರಿಯ ಅಧಿಕಾರಿ ಓಡ್ನಿ ಫೋನ್ ಮಾಡಿ ತಿಳಿಸಿದರು. ಮೀನಿನ ಕಾರ್ಖಾನೆ ಮುಚ್ಚಿದಾಗಿನಿಂದ ಮನೆ ಬಿಡಬೇಕಾದೀತೆಂಬ ಭಯವಿತ್ತು. ಇನ್ನು ಅದಿಲ್ಲ.

ಅರ್ಜಿಯಲ್ಲಿ ‘ನಿಮ್ಮ ಸಾಮರ್ಥ್ಯ’ ಎಂದಿದ್ದ ಕಡೆ ‘ವಿಶೇಷವೇನಿಲ್ಲ’ ಎಂದು ಬರೆದಿದ್ದೆ. ನಮ್ಮನ್ನು ನಾವೇ ಹೊಗಳಿಕೊಳ್ಳಬಾರದೆಂದು ನೀವೇ ಕಲಿಸಿದ್ದಲ್ಲವೇ? ಫೋನ್ ಬಂದ ಮೇಲೆ ಹೊಸ ಕೆಲಸದ ಬಗ್ಗೆ ಮಾತಾಡಲು ಕಚೇರಿಗೆ ಹೋದಾಗ ಓಡ್ನಿ ಅರ್ಜಿಯ ಆ ಜಾಗ ತೋರಿಸಿ ನಕ್ಕುಬಿಟ್ಟರು.

“ಕಾರ್ಖಾನೆಯೋರೆಲ್ಲ ಇದನ್ನೇ ಬರ್ದಿದಾರೆ ಕಣಮ್ಮ. ನಾರ್ವೇಲಿ ಜಂಭ ಕೊಚ್ಚೋಕೆ ಪರವಾನಗಿ ಇರೋ ಜಾಗ ಇದೊಂದೇ. ಶುರು ಮಾಡು.”

ಬಾಗಿಲು ಹಾಕಿಸಿ ಹೇಳಿದೆ: ನನ್ನಷ್ಟು ಚುರುಕಾಗಿ ಮೀನು ಸೀಳುವವರು ಈ ಕರಾವಳಿಯಲ್ಲೇ ಇಲ್ಲ. ಹೇಳಿದ ಮೇಲೆ ದಾರಿಯುದ್ದಕ್ಕೂ ನಗುತ್ತ ಮನೆಗೆ ಬಂದೆ. ಊರಲ್ಲಿ ಯಾರಿಗೂ ಹೇಳಬೇಡಿ.

ಗುರುವಾರ ಹತ್ತು ಗಂಟೆಗೆ ವೃದ್ಧಾಶ್ರಮದ ಅಡುಗೆಮನೆಯ ಕೆಲಸಕ್ಕೆ ಸಂದರ್ಶನವಿದೆ.

ನಿಮ್ಮ ಮಗಳು,
ಯೂರುನ್