ಒಂಬತ್ತನೆಯ ದಿನದ ತಿದ್ದುಪಡಿ

ಮಗಳೇ ನೊಹೇಮಿ,

ನೀನು ತೀರಿಕೊಂಡ ಒಂಬತ್ತನೆಯ ದಿನದ ಪ್ರಾರ್ಥನೆಗೆ ನೆರೆದವರಿಗೆಲ್ಲ ಇಂದು ವಂದನೆ ಸಲ್ಲಿಸಿದೆ. ಅವರ ಸಾಂತ್ವನವನ್ನು ಮಾತ್ರ ಸ್ವೀಕರಿಸಲಾರೆನೆಂದು ಎದ್ದುನಿಂತೇ ಹೇಳಿದೆ. ಬಾಳೆಎಲೆಯಲ್ಲಿ ಸುತ್ತಿದ ತಮಾಲೆ ಕಡುಬನ್ನು ಬಿಚ್ಚುತ್ತಿದ್ದ ಕೈಗಳು ಅಲ್ಲಲ್ಲೇ ನಿಂತವು.

ನನ್ನ ಕೋಪಕ್ಕೆ ಕಾರಣ ನಿನ್ನ ವಿದ್ಯಾರ್ಥಿಗಳು. ಅಂತರ್ಜಾಲದಲ್ಲಿ ಸುದ್ದಿ ಬರೆಯುವುದನ್ನು ನಿನ್ನಿಂದ ಎರಡು ವರ್ಷ ಕಲಿತ ನಮ್ಮ ಕೊಬಾನ್ ಪಟ್ಟಣದ ಆ ಮಕ್ಕಳು, 'ಟೀಚರ್ ನಮ್ಮ ಹೆಸರುಗಳನ್ನು ಕರೆಯುತ್ತಲೇ ಕಣ್ಣು ಮುಚ್ಚಿದರು' ಎಂದು ತಮ್ಮ ಸುದ್ದಿತಾಣದಲ್ಲಿ ಪ್ರಕಟಿಸಿದ್ದರು.

"ಯಾರು ಹೇಳಿದರು?" ಎಂದೆ.

"ಎಲ್ರೂ ಹಾಗೇ ಅಂತಿದ್ರು, ದೊನ್ ಎವೆರಾರ್ದೊ," ಎಂದಳು ಅವರಲ್ಲೊಬ್ಬಳಾದ ಬ್ರಿಸೇಯ್ದಾ.

"ನಾನು ಹಾಸಿಗೆಯ ಪಕ್ಕದಲ್ಲೇ ಇದ್ದೆ. ಅವಳು ಯಾರನ್ನೂ ಕರೆಯಲಿಲ್ಲ. ತಿದ್ದಿ."

ಒಂಬತ್ತು ದಿನವೂ ಬಂದವರಿಗೆಲ್ಲ ನಾನು ಹೇಳಿದ್ದು ಅದನ್ನೇ. ಆದರೆ ಆ ಹುಡುಗಿ ಹೆದರಲಿಲ್ಲ.

"ಬೇಜಾರಾಗ್ಬೇಡಿ. 'ನಮ್ಮಪ್ಪನೇ ಹೇಳಿದ್ರೂ ಇನ್ನೊಬ್ರನ್ನ ಕೇಳ್ದೆ ಹಾಕ್ಬೇಡಿ' ಅಂತಿದ್ರು ಟೀಚರ್."

ಕೊನೆಗಳಿಗೆಯಲ್ಲಿ ನಿನ್ನ ಬಳಿಯಿದ್ದ ದಾದಿ ಓತಿಲಿಯಾಗೆ ಅಲ್ಲೇ ಫೋನ್ ಮಾಡಿ, ನನ್ನ ಮಾತು ನಿಜವೇ ಎಂದು ಕೇಳಿ, ಉತ್ತರ ಎಲ್ಲರಿಗೂ ಕೇಳುವಂತೆ ಹಿಡಿದಳು.

"ಅಯ್ಯೋ, ಅವ್ರೆಲ್ಲಿದ್ರಮ್ಮ ಒಳಗೆ? ವರಾಂಡದಲ್ಲಿ ಡಾಕ್ಟರ್ ಜೊತೆ ವಾದ ಮಾಡ್ತಿದ್ರು. 'ಅಪ್ಪ ಎಲ್ಲಿ' ಅಂತ ನೊಹೇಮಿ ಎರಡು ಸಲ ಕೇಳಿದ್ಳು, ಪಾಪ."

ಕಾಲೇಜಿನ ಯಾವ ಚರ್ಚಾಸ್ಪರ್ಧೆಯಲ್ಲೂ ನಾನು ಸೋಲೊಪ್ಪಿದವನಲ್ಲ. ಇಂದು ಒಪ್ಪಿದೆ.

ಇನ್ನು ತರಗತಿ ನಡೆಸುವವರು ಯಾರು, ಮುಚ್ಚಿಬಿಡೋಣ ಎಂದು ಹೊರಡುವಾಗ ಮಕ್ಕಳು ಮಾತಾಡಿಕೊಂಡರು. ನಾನು ಯಾರನ್ನೂ ಕೇಳದೆ ನಿರ್ಧರಿಸಿದ್ದೇನೆ. ಶನಿವಾರದ ತರಗತಿ ನಮ್ಮ ಊಟದ ಮೇಜಿನ ಸುತ್ತ ನಡೆಯುತ್ತದೆ, ನಡೆಸುವವನು ನಾನು. ಮೊದಲು ತಿದ್ದುಪಡಿ ಪ್ರಕಟವಾಗುತ್ತದೆ: 'ಆಕೆ ಕೇಳಿದ್ದು ತಂದೆಯನ್ನು. ತಂದೆ ಅಲ್ಲಿರಲಿಲ್ಲ.' ಅದರ ಕೆಳಗೆ ನನ್ನ ಹೆಸರಿರುತ್ತದೆ.